ಪಾಸ್‌ಪೋರ್ಟ್ ತೋರಿಸುವುದು ಬೇರೆ, ಒಪ್ಪಿಸುವುದು ಬೇರೆ

ಹುಬ್ಬಳ್ಳಿಯ ಬಸ್ ನಿಲ್ದಾಣದ ಆಸುಪಾಸಿನ ಯಾವ ಲಾಡ್ಜಿಗೆ ಹೋದರೂ ಕೌಂಟರಿನಲ್ಲಿ ಹೆಸರು, ಊರು ಬರೆಸಿಕೊಳ್ಳುತ್ತಾರೆ. ಗುರುತಿನ ಚೀಟಿ ತೋರಿಸಿ ಸಹಿ ಮಾಡಿದರೆ ಕೋಣೆಯ ಕೀಲಿಕೈ ಸಿಗುತ್ತದೆ. ಚೀಟಿಯನ್ನು ಇಲ್ಲೇ ಬಿಟ್ಟುಹೋಗಿ ಎಂದರೆ ನಾವು ಯಾರೂ ಸುಮ್ಮನೆ ಒಪ್ಪುವುದಿಲ್ಲ. ಆದರೆ ಪರದೇಶದ ಹೋಟೆಲಿನಲ್ಲಿ ಪಾಸ್‌ಪೋರ್ಟ್ ಕೇಳಿದೊಡನೆ ಮರುಮಾತಿಲ್ಲದೆ ಕೊಟ್ಟುಬಿಡುವವರು ಬಹಳ. ಭಾಷೆ ಬಾರದ ಊರು, ರಾತ್ರಿಯ ಪ್ರಯಾಣದ ದಣಿವು. ಎದುರಿಗಿರುವ ಸಮವಸ್ತ್ರದ ಗುಮಾಸ್ತನೇ ಸರಕಾರವೆಂಬ ಭಾವನೆ ಬರುವುದು ಸಹಜ.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ವಿದ್ಯಾರ್ಥಿಗಳಿಗೆ ಇದು ದೂರದ ಮಾತೆನಿಸಬಹುದು. ಹಾಗೇನಿಲ್ಲ. ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಹಳ್ಳಿಗಳಿಂದ ಹಜ್ ಯಾತ್ರೆಗೆ ಹೋಗುವವರಿದ್ದಾರೆ, ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರಿದ್ದಾರೆ, ಓದಲು ಹೋಗುವ ನಿಮ್ಮಂಥವರಿದ್ದಾರೆ. ನೇಪಾಳದ ಮಾತು ಮಾತ್ರ ಬೇರೆ. ಕರ್ನಾಟಕ ಮೂಲದ ಭಟ್ಟರು ಅರ್ಚಕರಾಗಿರುವ ಪಶುಪತಿನಾಥನ ದರ್ಶನಕ್ಕೆ ಹೋಗುವ ಭಾರತೀಯರಿಗೆ ಪಾಸ್‌ಪೋರ್ಟೇ ಬೇಕಿಲ್ಲ, ಚುನಾವಣಾ ಗುರುತಿನ ಚೀಟಿ ಸಾಕು.

ಹೋಟೆಲಿನವರು ಪಾಸ್‌ಪೋರ್ಟ್ ಕೇಳುವುದು ಕುತೂಹಲಕ್ಕಲ್ಲ, ಕಾನೂನಿನ ಕಟ್ಟಳೆಯಿಂದ. ತನ್ನ ನೆಲದಲ್ಲಿ ಯಾವ ಪರದೇಶದವನು ಯಾವ ರಾತ್ರಿ ಎಲ್ಲಿ ತಂಗಿದ್ದ ಎಂಬುದನ್ನು ತಿಳಿಯುವ ಹೊಣೆಯನ್ನು ಸರಕಾರಗಳು ಹೋಟೆಲಿನವರ ಹೆಗಲಿಗೇರಿಸಿವೆ. ಇಟಲಿಯಲ್ಲಿ 1931ರ ಸಾರ್ವಜನಿಕ ಸುರಕ್ಷತಾ ಕಾನೂನಿನ ಇಂದಿನ ರೂಪದಂತೆ, ಅತಿಥಿಗಳ ವಿವರ 24 ತಾಸಿನೊಳಗೆ ಪೊಲೀಸರಿಗೆ ತಲುಪಬೇಕು. ಐರೋಪ್ಯ ದೇಶಗಳ 1990ರ ಷೆಂಗೆನ್ ಒಪ್ಪಂದದ 45ನೆಯ ವಿಧಿಯೂ ಪರದೇಶದ ಅತಿಥಿ ನೋಂದಣಿ ಪತ್ರ ತುಂಬಿ ಸಹಿ ಮಾಡಬೇಕು, ಗುರುತಿನ ದಾಖಲೆ ಹಾಜರುಪಡಿಸಬೇಕು ಎನ್ನುತ್ತದೆ. ಬ್ರಿಟನ್ನಿನಲ್ಲಿ 1972ರ ಆದೇಶದಂತೆ ಪಾಸ್‌ಪೋರ್ಟಿನ ಸಂಖ್ಯೆಯನ್ನು ಬರೆಸಿದರೆ ಸಾಕು. ಹೋಟೆಲಿನವರು ಆ ದಾಖಲೆಯನ್ನು 12 ತಿಂಗಳು ಇಟ್ಟುಕೊಳ್ಳಬೇಕು. ಜಪಾನಿನಲ್ಲಿ 2005ರಿಂದ ಪ್ರವಾಸಿಯ ಪಾಸ್‌ಪೋರ್ಟಿನ ಪ್ರತಿ ತೆಗೆದಿಡುತ್ತಾರೆ.

ಇಲ್ಲಿ ಬಳಸಿದ ಮಾತುಗಳನ್ನು ಗಮನಿಸಿರಿ. ಹಾಜರುಪಡಿಸುವುದು, ಬರೆಸುವುದು, ಪ್ರತಿ ಕೊಡುವುದು. ಪುಸ್ತಕವನ್ನೇ ರಾತ್ರಿಯಿಡೀ ಕೌಂಟರಿನ ಡ್ರಾಯರಿನಲ್ಲಿ ಇಡಬೇಕೆಂದು ಈ ನಿಯಮಗಳು ಹೇಳುವುದಿಲ್ಲ. ಹಾಗೆ ಇಟ್ಟುಕೊಳ್ಳುವ ರೂಢಿ ಬೆಳೆದದ್ದು ಬೇರೆ ಕಾರಣಗಳಿಂದ. ಹಿಂದೆ ಕೈಯಲ್ಲಿ ಬರೆದು ಪೊಲೀಸ್ ಠಾಣೆಗೆ ಚೀಟಿ ಕಳಿಸಬೇಕಿತ್ತು. ಹತ್ತಾರು ಜನರ ತಂಡ ಒಟ್ಟಿಗೆ ಬಂದಾಗ ಪಾಸ್‌ಪೋರ್ಟುಗಳನ್ನು ಕೂಡಿಸಿಟ್ಟು ಪುರುಸೊತ್ತಿನಲ್ಲಿ ಬರೆಯುವುದು ಗುಮಾಸ್ತನಿಗೆ ಅನುಕೂಲ. ಇನ್ನೊಂದು ಕಾರಣ, ಬಿಲ್ಲು ಕಟ್ಟದೆ ಅತಿಥಿ ಜಾರಿಕೊಂಡಾನೆಂಬ ಅಂಜಿಕೆ. ಅಂದರೆ ಪಾಸ್‌ಪೋರ್ಟನ್ನು ಒತ್ತೆ ಇಟ್ಟಂತೆ. ಇದು ತಪ್ಪೆಂದೇ ನನ್ನ ಅಭಿಪ್ರಾಯ, ಏಕೆಂದರೆ ನಮ್ಮದಲ್ಲದ್ದನ್ನು ನಾವು ಒತ್ತೆ ಇಡಲು ಬಾರದು.

ಹೌದು, ಪಾಸ್‌ಪೋರ್ಟ್ ನಮ್ಮದಲ್ಲ. 1967ರ ಪಾಸ್‌ಪೋರ್ಟ್ ಕಾಯಿದೆಯ 17ನೆಯ ಕಲಮಿನಂತೆ ಅದು ಸದಾ ಕೇಂದ್ರ ಸರಕಾರದ ಸ್ವತ್ತು. ಪಾಸ್‌ಪೋರ್ಟಿನೊಳಗಣ ಸೂಚನೆಗಳನ್ನು ಹೆಚ್ಚಿನವರು ಓದುವುದೇ ಇಲ್ಲ. ಪುಸ್ತಕವು ಅದರ ಧಾರಕನ ಬಳಿ, ಇಲ್ಲವೆ ಧಾರಕ ಅಧಿಕಾರ ಕೊಟ್ಟವರ ಬಳಿ ಇರಬೇಕೆಂದು ಅಲ್ಲಿ ಅಚ್ಚಾಗಿದೆ. ನಮ್ಮ ಪೊಲೀಸರಿಗೂ ಈ ವಿಷಯದಲ್ಲಿ ಮಿತಿಯುಂಟು. ತನಿಖೆಗಾಗಿ ಅವರು ಪಾಸ್‌ಪೋರ್ಟನ್ನು ವಶಪಡಿಸಿಕೊಳ್ಳಬಹುದು, ಆದರೆ ಅದನ್ನು ಮುಟ್ಟುಗೋಲು ಹಾಕಿ ಇಟ್ಟುಕೊಳ್ಳುವ ಅಧಿಕಾರ ಪಾಸ್‌ಪೋರ್ಟ್ ಪ್ರಾಧಿಕಾರದ್ದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ, ಸುರೇಶ್ ನಂದಾ ಪ್ರಕರಣದಲ್ಲಿ, ತೀರ್ಪಿತ್ತಿತು. ನಮ್ಮ ಕಾಯಿದೆ ಪರದೇಶದ ಗುಮಾಸ್ತನನ್ನು ಕಟ್ಟಿಹಾಕಲಾರದು, ನಿಜ. ಆದರೆ ನಾವು ಪುಸ್ತಕವನ್ನು ಯಾರ ಕೈಗೆ ಕೊಡುತ್ತೇವೆಂಬುದರ ಹೊಣೆ ನಮ್ಮದೇ.

ಹಾಗಾದರೆ ಕೌಂಟರಿನಲ್ಲಿ ಹೇಗೆ ನಡೆದುಕೊಳ್ಳಬೇಕು? ಜಗಳ ಬೇಡ. "ನೋಡಿರಿ, ಬರೆದುಕೊಳ್ಳಿರಿ, ಝೆರಾಕ್ಸ್ ಮಾಡಿಕೊಳ್ಳಿರಿ, ನಾನು ಇಲ್ಲೇ ನಿಂತಿರುತ್ತೇನೆ" ಎಂದರಾಯಿತು. ಹತ್ತಕ್ಕೆ ಒಂಬತ್ತು ಕಡೆ ಕೆಲಸ ಅಷ್ಟಕ್ಕೇ ಮುಗಿಯುತ್ತದೆ. ಬಿಲ್ಲಿನ ಚಿಂತೆ ಅವರಿಗಿದ್ದರೆ ಮುಂಗಡ ಹಣ ಕಟ್ಟಬಹುದು. ಇಟ್ಟುಕೊಳ್ಳಲೇಬೇಕೆಂದು ಹಟ ಹಿಡಿದರೆ, ಯಾವಾಗ ಹಿಂದಿರುಗಿಸುತ್ತೀರೆಂದು ಕೇಳಿ ರಸೀದಿ ಪಡೆಯಬೇಕು. ನಾವೇ ಝೆರಾಕ್ಸ್ ಪ್ರತಿ ಕೊಡುವುದಾದರೆ ಅದರ ಮೇಲೆ ಹೋಟೆಲಿನ ಹೆಸರು, ತಾರೀಖು ಬರೆದು ಕೊಡುವುದು ಲೇಸು. ಬೇರೆಡೆ ಬಳಸಲು ಕಷ್ಟವಾಗುತ್ತದೆ. ಕೋಣೆಯಲ್ಲಿ ಕಬ್ಬಿಣದ ತಿಜೋರಿ ಇದ್ದರೆ ಪಾಸ್‌ಪೋರ್ಟಿಗೆ ಅದೇ ಜಾಗ. ಆದರೆ ಹಣ ಬದಲಾಯಿಸುವಲ್ಲಿಯೂ, ಕೆಲವು ದೇಶಗಳಲ್ಲಿ ಬೀದಿಯ ತಪಾಸಣೆಯಲ್ಲಿಯೂ ಮೂಲ ಪುಸ್ತಕವನ್ನೇ ಕೇಳುವುದುಂಟು.

ಎಲ್ಲ ಕಡೆ ಒಂದೇ ನ್ಯಾಯ ಹಚ್ಚಲಾಗದು. ಹಜ್ ಯಾತ್ರೆಗೆ ಹೋಗಿಬಂದ ನಿಮ್ಮೂರಿನ ಅಜ್ಜ-ಅಜ್ಜಿಯರನ್ನು ಕೇಳಿ ನೋಡಿರಿ. ದಶಕಗಳ ಕಾಲ ಸೌದಿ ಅರೇಬಿಯದಲ್ಲಿ ಇಳಿದೊಡನೆ ಯಾತ್ರಿಕರ ಪಾಸ್‌ಪೋರ್ಟುಗಳನ್ನು ಅಲ್ಲಿನ ಮುಅಲ್ಲಿಮರ ಕಚೇರಿಗಳು ಪಡೆದು, ಮರಳುವಾಗ ಕೊಡುವ ಪದ್ಧತಿಯಿತ್ತು. ಲಕ್ಷಾಂತರ ಜನರ ಗದ್ದಲದಲ್ಲಿ ಪುಸ್ತಕ ಕಳೆಯಬಾರದೆಂಬುದು ಅದರ ಹಿಂದಿನ ವಿಚಾರ. ಅಲ್ಲಿ ಯಾತ್ರಿಕರ ಕೈಗೆ ಗುರುತಿನ ಕಡಗವಿರುತ್ತಿತ್ತು. ಎರಡೂ ಸರಕಾರಗಳಿಗೆ ಗೊತ್ತಿದ್ದ ವ್ಯವಸ್ಥೆ ಅದು.

ನಿಜವಾದ ಅಪಾಯವಿರುವುದು ದುಡಿಯಲು ಹೋಗುವವರಿಗೆ. ಮಳೆ ಕೈಕೊಟ್ಟ ವರ್ಷ ಕುಂದಗೋಳದ ಒಬ್ಬ ಹುಡುಗ ಏಜೆಂಟನ ಮೂಲಕ ಕೊಲ್ಲಿ ದೇಶಕ್ಕೆ ಹೋಗುತ್ತಾನೆಂದು ಇಟ್ಟುಕೊಳ್ಳಿ. ಮೊದಲ ದಿನ ವಸತಿಯಲ್ಲಿ "ನೋಂದಣಿಗೆ ಬೇಕು" ಎಂದು ಪಾಸ್‌ಪೋರ್ಟ್ ಕೇಳುತ್ತಾರೆ. ನಿವಾಸ ಪರವಾನಗಿಗೆ ಅದು ಕೆಲವು ದಿನ ಬೇಕಾಗುವುದೂ ನಿಜ. ಆದರೆ ಪರವಾನಗಿ ಕೈಗೆ ಬಂದ ಮೇಲೂ ಪುಸ್ತಕ ಬಾರದಿದ್ದರೆ ಅದು ನೋಂದಣಿಯಲ್ಲ, ಸೆರೆ. ಸಂಬಳ ಕೇಳಿದರೆ ಪಾಸ್‌ಪೋರ್ಟ್ ಕೊಡೆವು, ಊರಿಗೆ ಹೋಗುವೆನೆಂದರೆ ಪಾಸ್‌ಪೋರ್ಟ್ ಕೊಡೆವು ಎಂಬ ಸ್ಥಿತಿ ಬರುತ್ತದೆ. ಕತಾರಿನ 2015ರ 21ನೆಯ ಕಾನೂನು ಹೀಗೆ ಇಟ್ಟುಕೊಳ್ಳುವ ಮಾಲೀಕನಿಗೆ 25,000 ರಿಯಾಲ್‌ವರೆಗೆ ದಂಡ ವಿಧಿಸುತ್ತದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲೂ ಇದಕ್ಕೆ ನಿಷೇಧವಿದೆ. ನಿಷೇಧವಿದ್ದರೂ ರೂಢಿ ಪೂರ್ತಿ ನಿಂತಿಲ್ಲ. ಅಂಥವರು ಭಾರತದ ರಾಯಭಾರ ಕಚೇರಿಗೆ ದೂರು ಕೊಡಬಹುದು. ಎಸ್.ಎಸ್.ಎಲ್.ಸಿ. ಪಾಸಾಗದವರು ಈ ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ನಮ್ಮ ಸರಕಾರದ ವಲಸೆ ಅನುಮತಿ ಪಡೆಯಬೇಕೆಂಬ ನಿಯಮವೂ ಇಂಥ ಮೋಸ ತಡೆಯಲೆಂದೇ ಬಂದದ್ದು.

ನಮ್ಮ ದೇಶವೂ ಪರದೇಶದವರನ್ನು ಕೇಳುತ್ತದೆ. ಧಾರವಾಡಕ್ಕೆ ಸಂಗೀತ ಕಲಿಯಲು ಬಂದವರಾಗಲಿ, ಅಣ್ಣಿಗೇರಿಯ ಅಮೃತೇಶ್ವರ ಗುಡಿ ನೋಡಬಂದವರಾಗಲಿ, ಅವರನ್ನು ಇಳಿಸಿಕೊಂಡವರು 24 ತಾಸಿನೊಳಗೆ ವಿವರ ಕಳಿಸಬೇಕು. ಬಹುಕಾಲ ಇದಕ್ಕೆ ಸಿ ಫಾರ್ಮ್ ಎಂದೇ ಹೆಸರಿತ್ತು. ವಲಸೆ ಮತ್ತು ವಿದೇಶಿಯರ 2025ರ ಕಾಯಿದೆ ಹಳೆಯ ಕಾಯಿದೆಗಳ ಜಾಗಕ್ಕೆ ಬಂದ ಮೇಲೂ ಈ ಹೊಣೆ ಉಳಿದಿದೆ. ವಿವರ ಕಂಪ್ಯೂಟರಿನಲ್ಲಿ ಹೋಗುತ್ತದೆ, ಪುಸ್ತಕ ಅತಿಥಿಯ ಜೇಬಿಗೆ ಮರಳುತ್ತದೆ.

ಇಷ್ಟಾಗಿಯೂ ಪಾಸ್‌ಪೋರ್ಟ್ ಕಳೆದುಹೋದರೆ ಮೊದಲು ಸ್ಥಳೀಯ ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿ ಪಡೆಯಬೇಕು. ಆಮೇಲೆ ಭಾರತದ ರಾಯಭಾರ ಕಚೇರಿ. ಹೊಸ ಪಾಸ್‌ಪೋರ್ಟಿಗೆ ಕಾಯಲು ಸಮಯವಿಲ್ಲದಿದ್ದರೆ ಅಲ್ಲಿ ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಅದರಿಂದ ಭಾರತಕ್ಕೆ ಒಮ್ಮೆ ಮರಳಬಹುದು, ಮತ್ತೆಲ್ಲಿಗೂ ಹೋಗಲಾಗದು. ಹಳೆಯ ಪಾಸ್‌ಪೋರ್ಟಿನ ಝೆರಾಕ್ಸ್ ಪೆಟ್ಟಿಗೆಯಲ್ಲಿ ಬೇರೆಯಾಗಿ ಇದ್ದರೆ ಈ ಕೆಲಸ ಬೇಗ ಆಗುತ್ತದೆ.