ಇಂಟರ್‌ಕೂಲರಿನ ಶೈತ್ಯವರ್ಧನೆ

ಟರ್ಬೊಚಾರ್ಜರು ಒತ್ತಿದ ಗಾಳಿ ಕಾಯುವುದು ಅನಿವಾರ್ಯ. 30° ಸೆಂ. ಗಾಳಿಯ ಒತ್ತಡವನ್ನು ಇಮ್ಮಡಿಗೊಳಿಸಿದರೆ, ಸಂಪೀಡಕದ ದಕ್ಷತೆ ಶೇಕಡ 70 ಎಂದು ನಾವೆಣಿಸಿದಲ್ಲಿ, ಅದರ ಉಷ್ಣತೆ ಸುಮಾರು 125°ಗೆ ಏರುತ್ತದೆ. ಕಾದ ಗಾಳಿ ವಿರಳವಾದುದು. ಮೇಲಾಗಿ ಇಂಧನದ ಅಕಾಲ ಸ್ಫೋಟಕ್ಕೆ ಎಡೆಗೊಟ್ಟು ಪಿಸ್ಟನ್ನನ್ನೇ ಒಡೆಯಬಲ್ಲದು. ಇದನ್ನು ತಣಿಸಲೆಂದೇ ಇಂಟರ್‌ಕೂಲರು.

ಸುಬಾರು ಇಂಪ್ರೆಜಾ ಎಸ್‌ಟಿಐ ಕಾರುಗಳಲ್ಲಿ ಅದು ಎಂಜಿನ್ನಿನ ಮೇಲೆಯೇ ಇದ್ದು, ಬಾನೆಟ್ಟಿನ ಕಿಂಡಿಯಿಂದ ನುಗ್ಗುವ ಗಾಳಿಯನ್ನು ಅವಲಂಬಿಸಿದೆ. ವೇಗ ತಗ್ಗಿದೊಡನೆ ಆ ಗಾಳಿ ಕ್ಷೀಣಿಸಿ, ಎಂಜಿನ್ನಿನ ಕಾವು ಮೇಲೇರುತ್ತದೆ. ಆದಕಾರಣ ಮೊದಲು ಕಿಂಡಿಗೂ ಇಂಟರ್‌ಕೂಲರಿಗೂ ನಡುವಣ ಸಂದುಗಳನ್ನು ಮುಚ್ಚಿ, ಗಾಳಿ ಪಕ್ಕಕ್ಕೆ ಸೋರದಂತೆ ಮಾಡಬೇಕು. ಅನಂತರ ಅದರ ರೆಕ್ಕೆಗಳ ಮೇಲೆ ನೀರನ್ನು ಸಿಂಪಡಿಸಬೇಕು. ಆವಿಯಾಗುವ ಪ್ರತಿ ಗ್ರಾಂ ನೀರು ಸುಮಾರು 2.4 ಕಿಲೋಜೂಲ್ ಉಷ್ಣವನ್ನು ಹೀರುತ್ತದೆ. ಇದರಿಂದ 1 ಕಿಲೋಗ್ರಾಂ ಗಾಳಿ ಹೆಚ್ಚೆಂದರೆ 2.4° ತಣಿಯಬಲ್ಲದು. ಆವಿಯಾಗದೆ ಹರಿದುಹೋಗುವ ನೀರಿನಿಂದ ಪ್ರಯೋಜನ ಅಲ್ಪ. ಸೂಕ್ಷ್ಮವಾದ ಹನಿಯೇ ಫಲಕಾರಿಯೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.