ಪಕ್ಷೇತರ ಉಮೇದುವಾರರ ಬೆನ್ನ ಹಿಂದಿನ ದುಡಿಮೆ



ಕಳೆದ ಮಾಸಿಕ ಸಭೆ ಮುಗಿದ ಮೇಲೆ ಸದಸ್ಯರೊಬ್ಬರು ನನ್ನನ್ನು ಒಂದು ಮಾತು ಕೇಳಿದರು. ಬೀದರಿನಲ್ಲಿರುವ ಅವರ ಸೋದರಳಿಯನಿಗೆ ಮುಂದಿನ ಚುನಾವಣೆಯಲ್ಲಿ ಪಕ್ಷೇತರರೊಬ್ಬರ ಪರ ದುಡಿಯುವ ಆಸೆಯಂತೆ. ಭಾಷಣ ಬಾರದ ಹುಡುಗನಿಗೆ ಅಲ್ಲಿ ಏನು ಕೆಲಸ? ನಿಜ ಹೇಳಬೇಕೆಂದರೆ ಅಂಥವನಿಗೇ ಕೆಲಸ ಹೆಚ್ಚು. ಪಕ್ಷಗಳಿಗೆ ಕಚೇರಿ, ಹಳೆಯ ಕಾರ್ಯಕರ್ತರು ಇರುತ್ತಾರೆ. ಪಕ್ಷೇತರರು ಎಲ್ಲವನ್ನೂ ಕೆಲವೇ ವಾರಗಳಲ್ಲಿ ಕಟ್ಟಿಕೊಳ್ಳಬೇಕು.

ಮೊದಲನೆಯದು ನಾಮಪತ್ರ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು ಸಾಕು; ಪಕ್ಷೇತರರಿಗೆ ಅದೇ ಕ್ಷೇತ್ರದ 10 ಮತದಾರರು ಬೇಕು. ಅವರ ಕ್ರಮಸಂಖ್ಯೆ ಮತದಾರರ ಪಟ್ಟಿಯೊಂದಿಗೆ ತಾಳೆಯಾಗಬೇಕು. ನಾಲ್ಕು ನಾಮಪತ್ರಗಳವರೆಗೆ ಅವಕಾಶವಿದೆ. ಬೇರೆ ಬೇರೆ ಸೂಚಕರಿಂದ ಎರಡನ್ನಾದರೂ ಕೊಡುವುದು ಲೇಸು. ಲೋಕಸಭೆಗೆ ಠೇವಣಿ 25,000 ರೂ., ವಿಧಾನಸಭೆಗೆ 10,000. ಪರಿಶಿಷ್ಟರಿಗೆ ಅದರ ಅರ್ಧ. ಸೋತವರಿಗೆ ಸಿಂಧು ಮತಗಳ ಆರನೇ ಒಂದಕ್ಕಿಂತ ಹೆಚ್ಚು ಬಾರದಿದ್ದರೆ ಅದು ಹೋದಂತೆಯೇ.

ಬಲು ಕಷ್ಟದ್ದು ಚಿಹ್ನೆ. ಪಕ್ಷದ ಚಿಹ್ನೆ ಮಕ್ಕಳಿಗೂ ಗೊತ್ತು. ಪಕ್ಷೇತರರಿಗೆ ಅದು ಸಿಗುವುದು ನಾಮಪತ್ರ ಹಿಂತೆಗೆಯುವ ಅವಧಿ ಮುಗಿದ ಮೇಲೆ. 2024ರಲ್ಲಿ ಬೀದರ ಲೋಕಸಭಾ ಕ್ಷೇತ್ರದಲ್ಲಿ ಆ ದಿನ ಏಪ್ರಿಲ್ 22. ಮತದಾನ ಮೇ 7. ಬಹಿರಂಗ ಪ್ರಚಾರ ಮೇ 5ರ ಸಂಜೆಗೇ ಬಂದ್. ಆ ಹದಿಮೂರು ದಿನಗಳಲ್ಲಿ ಬೀದರ ನಗರ, ಭಾಲ್ಕಿ, ಔರಾದದಿಂದ ಹಿಡಿದು ಕಲಬುರಗಿ ಜಿಲ್ಲೆಯ ಆಳಂದ, ಚಿಂಚೋಳಿಯವರೆಗೆ ಎಂಟು ವಿಧಾನಸಭಾ ಕ್ಷೇತ್ರಗಳ ಮನೆಮನೆಗೆ ಹೊಸ ಚಿತ್ರವೊಂದನ್ನು ಕಲಿಸಬೇಕು. ಅದೂ ಒಂದೇ ಭಾಷೆಯಲ್ಲಲ್ಲ. ಹೊಲಿಗೆ ಯಂತ್ರವೆನ್ನಿ, ಬೀದರ ಪೇಟೆಯ ಉರ್ದು ಮಾತಿನವರಿಗೆ ಅದು ಸಿಲಾಯಿ ಮಷೀನು, ಭಾಲ್ಕಿ, ಔರಾದ ಕಡೆಯ ಮರಾಠಿಗರಿಗೆ ಶಿವಣಯಂತ್ರ. ಈ ಮೂರನ್ನೂ ಬಲ್ಲ ಹುಡುಗನೊಬ್ಬ ಹತ್ತು ಭಾಷಣಕಾರರಿಗೆ ಸಮ.

ಮತಯಂತ್ರದಲ್ಲಿ ಪಕ್ಷೇತರರ ಹೆಸರು ಬರುವುದು ಪಕ್ಷದವರೆಲ್ಲರ ಕೆಳಗೆ. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅಂಬರೀಶ್ ಅವರಲ್ಲದೆ ಇನ್ನೂ ಮೂವರು ಸುಮಲತಾ ಎಂಬ ಹೆಸರಿನವರೇ ಕಣದಲ್ಲಿದ್ದರು. ಕಹಳೆ ಊದುವ ರೈತನ ಚಿತ್ರವನ್ನು ಊರೂರಿಗೆ ಮುಟ್ಟಿಸಿದ್ದರಿಂದ ಗೊಂದಲ ಕಡಿಮೆಯಾಯಿತೆಂದು ನನ್ನ ಎಣಿಕೆ. ಗೆದ್ದ ಅಂತರ ಒಂದೂಕಾಲು ಲಕ್ಷ ಮತಗಳಿಗೂ ಮಿಗಿಲು. ಬಿಜೆಪಿ ಅಭ್ಯರ್ಥಿಯನ್ನು ನಿಲ್ಲಿಸದೆ ಅವರನ್ನೇ ಬೆಂಬಲಿಸಿತ್ತೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಂಥ ಆಸರೆ ಎಲ್ಲರಿಗೂ ಸಿಗದು.

ಮತದಾನದ ದಿನ ಮತಗಟ್ಟೆಗೊಬ್ಬ ಏಜೆಂಟರು ಕೂರಬೇಕು. ಅಣಕು ಮತದಾನಕ್ಕೆ ಬೆಳಗಾಗುವ ಮೊದಲೇ ಹಾಜರು. ಸಂಜೆ ಅಧ್ಯಕ್ಷಾಧಿಕಾರಿಯಿಂದ ನಮೂನೆ 17ಸಿಯ ಪ್ರತಿ ಪಡೆಯದೆ ಏಳಬಾರದು. ಚಲಾಯಿಸಿದ ಮತಗಳ ಒಟ್ಟು ಸಂಖ್ಯೆ ಅದರಲ್ಲಿರುತ್ತದೆ. ಎಣಿಕೆಯ ದಿನ ಯಂತ್ರದ ಸಂಖ್ಯೆಯನ್ನು ಅದರೊಂದಿಗೆ ತಾಳೆ ನೋಡಬೇಕು. ಕಾಫಿ ಮೂಟೆಯನ್ನು ಕ್ಯೂರಿಂಗ್ ಕಾರ್ಖಾನೆಗೆ ಕಳಿಸಿ ತೂಕದ ಚೀಟಿ ಕಾದಿಡುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಎಲ್ಲ ಮತಗಟ್ಟೆಗೂ ಜನ ಸಿಗದಿದ್ದರೆ, ಬೆಂಬಲ ಇರುವ ಕಡೆ ಮೊದಲು ಕೂರಿಸುವುದು ಒಳ್ಳೆಯದು.

“ಸೋಲುವುದು ಖಚಿತವಾದರೆ ಈ ಪಾಡೇಕೆ?” ಎಂದೂ ಆ ಸದಸ್ಯರು ಕೇಳಿದರು. ಶಿವರಾಮ ಕಾರಂತರು 1989ರಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತಾಗ ಅವರಿಗೆ 87 ವರ್ಷ. ಗೆಲ್ಲಲಿಲ್ಲ, ಸ್ಥಾವರವೂ ಬಂತು. ಆದರೂ ಆ ಪ್ರಶ್ನೆಯನ್ನು ಮತಪತ್ರದ ಮೇಲೆ ಒಯ್ದಿಟ್ಟದ್ದು ವ್ಯರ್ಥವೆಂದು ನನಗನ್ನಿಸುವುದಿಲ್ಲ.

ಇನ್ನು ಲೆಕ್ಕ. ಪುಕ್ಕಟೆ ಕೊಟ್ಟ ಜೀಪಿಗೂ ಬೆಲೆ ಕಟ್ಟಿ ಖರ್ಚಿನ ಪುಸ್ತಕಕ್ಕೆ ಏರಿಸಬೇಕು. ಸದಸ್ಯರು ತಮ್ಮ ಸ್ವಂತ ವಾಹನ ಕೊಡುವುದು ಅವರಿಷ್ಟ. ಸಂಘದ ಜೀಪು, ದೂರವಾಣಿ, ಲೆಟರ್‌ಹೆಡ್ಡುಗಳನ್ನು ಮಾತ್ರ ಯಾರೂ ಕೇಳಬಾರದಾಗಿ ವಿನಂತಿ. ಫಲಿತಾಂಶ ಬಂದ 30 ದಿನಗಳೊಳಗೆ ಲೆಕ್ಕ ಸಲ್ಲಿಸದಿದ್ದರೆ ಅಭ್ಯರ್ಥಿ ಮೂರು ವರ್ಷ ಅನರ್ಹರಾಗಬಹುದು. ಸೋತ ಮರುದಿನ ಜನರೆಲ್ಲ ಚದುರಿಹೋಗಿರುತ್ತಾರೆ. ಆದ್ದರಿಂದ ರಸೀದಿಗಳನ್ನು ದಿನದಿನವೇ ಅಂಟಿಸಿ, ಸಂಖ್ಯೆ ಹಾಕಿಡುವ ಒಬ್ಬನನ್ನು ಮೊದಲ ದಿನವೇ ಗೊತ್ತುಮಾಡಬೇಕು. ಸೋದರಳಿಯನಿಗೆ ಈ ಕೆಲಸವನ್ನೇ ಕೇಳಿ ಪಡೆಯಲು ತಿಳಿಸಿದ್ದೇನೆ.

— ಕಾರ್ಯದರ್ಶಿ