ಹಳೆಯ ಕಾರಿಗೆ ಯಾವ ದುರಸ್ತಿ ತಕ್ಕುದು?

ಮಂಗಳೂರಿನಿಂದ ಮೈಸೂರಿನ ಕಡೆಗೆ ಹೊರಟವರು ಮಾಣಿಯಲ್ಲಿ ಬೆಂಗಳೂರಿನ ಹೆದ್ದಾರಿಯನ್ನು ಬಿಟ್ಟು ಬಲಕ್ಕೆ ತಿರುಗುತ್ತಾರೆ. ಪುತ್ತೂರು ಪೇಟೆ ಬರುವುದಕ್ಕೆ ಮುಂಚೆ ಸಿಕ್ಕುವ ಊರು ಕಬಕ. ವಿಟ್ಲದ ರಸ್ತೆ ಕವಲೊಡೆಯುವುದು ಇಲ್ಲಿಯೇ. ಈ ಕವಲಿನ ಬಳಿ ಸ್ವಲ್ಪ ಹೊತ್ತು ನಿಂತು ನೋಡಿದರೆ ಹೊಸ ಕಾರುಗಳ ನಡುವೆ ಹಳೆಯ ಜೀಪುಗಳೂ, 2014ರಲ್ಲಿ ತಯಾರಿಕೆ ನಿಂತುಹೋದ ಮಾರುತಿ 800 ಕಾರುಗಳೂ ಅಡಿಕೆಯ ಮೂಟೆಯನ್ನೋ ಮನೆಮಂದಿಯನ್ನೋ ಹೊತ್ತು ಸಾಗುವುದನ್ನು ಕಾಣಬಹುದು. ಇಂತಹ ವಾಹನದ ಒಡೆಯನಿಗೆ ವರ್ಷಕ್ಕೊಮ್ಮೆಯಾದರೂ ಎದುರಾಗುವ ಪ್ರಶ್ನೆಯೊಂದುಂಟು. ಇದನ್ನು ದುರಸ್ತಿ ಮಾಡಿಸಬೇಕೇ, ಮಾರಿಬಿಡಬೇಕೇ? ಪ್ರಶ್ನೆಯು ಹಣದ್ದೆಂದು ತೋರಿದರೂ ಉತ್ತರದ ಬಹುಭಾಗವು ಭೌತಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ಅಡಗಿದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕೃಷಿಕರೊಬ್ಬರ ಕಾರು 1,80,000 ಕಿಲೋಮೀಟರು ಓಡಿದೆ. ಇಂದು ಮಾರಿದರೆ 40,000 ರೂಪಾಯಿ ಬಂದೀತು. ಗ್ಯಾರೇಜಿನವನು ಬರೆದುಕೊಟ್ಟ ದುರಸ್ತಿಯ ಪಟ್ಟಿಯ ಮೊತ್ತ 70,000. "ಕಾರಿನ ಬೆಲೆಗಿಂತ ದುರಸ್ತಿಯೇ ಹೆಚ್ಚಾಯಿತಲ್ಲ! ಮಾರಿಬಿಡಿ" ಎಂದು ನೆರೆಯವರು ಹೇಳುತ್ತಾರೆ. ಈ ಮಾತು ಎಷ್ಟು ಸಹಜವೋ ಅಷ್ಟೇ ತಪ್ಪು. ದುರಸ್ತಿಯ ವೆಚ್ಚವನ್ನು ಹೋಲಿಸಬೇಕಾದುದು ಈ ಕಾರಿನ ಬೆಲೆಯೊಡನೆ ಅಲ್ಲ. ಇದರ ಬದಲಿಗೆ ಬರುವ ಇನ್ನೊಂದು ಕಾರಿನ ವೆಚ್ಚದೊಡನೆ.

ಮೊದಲು ಪಟ್ಟಿಯನ್ನು ಒಡೆದು ನೋಡಬೇಕು. ಬ್ರೇಕು, ಟಯರು, ಟೈಮಿಂಗ್ ಬೆಲ್ಟ್, ರೇಡಿಯೇಟರಿನ ರಬ್ಬರು ಕೊಳವೆಗಳು ಇವಕ್ಕೆಲ್ಲ ಸೇರಿ 30,000 ಎಂದಿಟ್ಟುಕೊಳ್ಳೋಣ. ಉಳಿದ 40,000 ಹವಾನಿಯಂತ್ರಣ ಯಂತ್ರಕ್ಕೆ ಮತ್ತು ಬಣ್ಣಕ್ಕೆ. ಈ ಎರಡನೆಯ ಭಾಗವನ್ನು ಬಿಟ್ಟರೆ ಬೆವರು ಸುರಿದೀತು, ಅಂದ ಕೆಟ್ಟೀತು, ಕಾರು ನಿಲ್ಲದು. ಮೊದಲ ಭಾಗವನ್ನು ಮಾಡಿಸಿ ಮೂರು ವರ್ಷ ಓಡಿಸಿದರೆ, ಆಮೇಲೆ ಗುಜರಿಗೆ 15,000ಕ್ಕೆ ಹೋದರೂ, ದುರಸ್ತಿಯ 30,000 ಮತ್ತು ಬೆಲೆಯಲ್ಲಿ ಇಳಿದ 25,000 ಕೂಡಿ 55,000 ಆಯಿತು. 36 ತಿಂಗಳುಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 1,530 ರೂಪಾಯಿ. ಬದಲಿಗೆ ಎರಡು ಲಕ್ಷ ಕೊಟ್ಟು ಬೇರೊಂದು ಹಳೆಯ ಕಾರನ್ನು ಕೊಂಡು, ಮೂರು ವರ್ಷಗಳ ಬಳಿಕ 1,20,000ಕ್ಕೆ ಮಾರಿದರೆ ನಷ್ಟ 80,000, ಎಂದರೆ ತಿಂಗಳಿಗೆ ಸುಮಾರು 2,220. ಅದರ ಮೇಲೆ, ಆ ಕಾರಿನ ಒಳಗಿನ ರೋಗಗಳೇನೆಂಬುದು ಕೊಂಡವನಿಗೆ ತಿಳಿದಿರುವುದಿಲ್ಲ. ಹಾಗಾದರೆ ದುರಸ್ತಿಯೇ ಮೇಲು.

ಆದರೆ ಇದೇ ಲೆಕ್ಕದಲ್ಲಿ ಮೂರು ವರ್ಷದ ಬದಲು ಒಂದೇ ವರ್ಷವೆಂದು ಹಾಕಿ ನೋಡಿರಿ. ಅದೇ 55,000ವನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 4,580 ದಾಟುತ್ತದೆ, ತೀರ್ಮಾನವು ತಲೆಕೆಳಗಾಗುತ್ತದೆ. ಆದುದರಿಂದ ದುರಸ್ತಿಯ ಬೆಲೆಯನ್ನು ಕೇಳುವುದಕ್ಕೆ ಮೊದಲೇ ಕಾರಿನ ಉಳಿದ ಆಯುಷ್ಯವನ್ನು ಅಳೆಯಬೇಕಾಗುತ್ತದೆ. (ಕಳೆದ ವರ್ಷ ಕ್ಲಚ್ಚಿಗೆ ಸುರಿದ ಹಣವು ಈ ಲೆಕ್ಕದಲ್ಲಿ ಎಲ್ಲಿಯೂ ಬಾರದೆಂಬುದನ್ನು ವಿದ್ಯಾರ್ಥಿಗಳು ಗಮನಿಸಿರಬಹುದು. ಅದು ಹೋದ ಹಣ. ಮಾರಿದರೂ ಉಳಿಸಿಕೊಂಡರೂ ಹಿಂದಿರುಗದು.)

ಆಯುಷ್ಯವನ್ನು ಮೀಟರಿನ ಅಂಕಿಯಿಂದ ಅಳೆಯುವುದು ವಾಡಿಕೆ. ಆ ಅಂಕಿಯು ಅರ್ಧಸತ್ಯವನ್ನಷ್ಟೇ ಹೇಳುತ್ತದೆ. ಒಂದು ಲೀಟರು ಪೆಟ್ರೋಲು ಉರಿದಾಗ ಅದರಲ್ಲಿರುವ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿ ಹೆಚ್ಚುಕಡಿಮೆ ಒಂದು ಲೀಟರು ನೀರೇ ಹುಟ್ಟುತ್ತದೆ. ಎಂಜಿನು ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿ ಹೊರಟುಹೋಗುತ್ತದೆ. ತೋಟದ ಮನೆಯಿಂದ ಪೇಟೆಗೆ ಎರಡು ಕಿಲೋಮೀಟರು ಹೋಗಿ ಮರಳುವ ಕಾರಿನಲ್ಲಿ ಎಂಜಿನು ಕಾಯುವಷ್ಟರಲ್ಲಿ ಪಯಣವೇ ಮುಗಿದಿರುತ್ತದೆ. ಆವಿಯು ಸೈಲೆನ್ಸರಿನಲ್ಲಿ ತಣಿದು ನೀರಾಗಿ ನಿಂತು ಅದನ್ನು ಒಳಗಿನಿಂದಲೇ ತಿನ್ನುತ್ತದೆ. ಸ್ವಲ್ಪ ಭಾಗ ಎಂಜಿನ್ ಆಯಿಲನ್ನೂ ಸೇರುತ್ತದೆ. ವಾರವಾರವೂ ಮೈಸೂರಿಗೆ ಹೋಗಿಬರುವ ಕಾರು ಎರಡು ಲಕ್ಷ ಕಿಲೋಮೀಟರು ದಾಟಿದ್ದರೂ ಅರವತ್ತು ಸಾವಿರ ಓಡಿದ ಇಂತಹ ಕಾರಿಗಿಂತ ಗಟ್ಟಿಯಾಗಿರುವುದುಂಟು.

ಎಂಜಿನಿನ ಆರೋಗ್ಯವನ್ನು ತಿಳಿಯಲು ಸುಲಭ ಪರೀಕ್ಷೆಯೊಂದಿದೆ. ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ, ಆ ರಂಧ್ರಕ್ಕೆ ಒತ್ತಡಮಾಪಕವನ್ನು ಸೇರಿಸಿ, ಒಂದೊಂದು ಸಿಲಿಂಡರಿನಲ್ಲಿಯೂ ಎಷ್ಟು ಒತ್ತಡ ಏರುವುದೆಂದು ನೋಡುತ್ತಾರೆ. ಎಲ್ಲವೂ ಹತ್ತಿರ ಹತ್ತಿರವಿದ್ದು, ತಯಾರಕರು ಹೇಳಿದ ಮಟ್ಟದಲ್ಲಿದ್ದರೆ ಚಿಂತೆಯಿಲ್ಲ. ಒಂದರಲ್ಲಿ ಮಾತ್ರ ಕಡಿಮೆಯಿದ್ದರೆ ಅದರೊಳಗೆ ಒಂದು ಚಮಚ ಆಯಿಲನ್ನು ಸುರಿದು ಮತ್ತೆ ಅಳೆಯಬೇಕು. ಒತ್ತಡವು ಏರಿದರೆ ಪಿಸ್ಟನ್ನಿನ ಉಂಗುರಗಳು ಅಥವಾ ಸಿಲಿಂಡರಿನ ಗೋಡೆ ಸವೆದಿದೆ. ಆಯಿಲು ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿದುದರಿಂದ ಏರಿತು. ಏರದಿದ್ದರೆ ದೋಷವಿರುವುದು ಬಹುಶಃ ವಾಲ್ವಿನಲ್ಲಿ. ವಾಲ್ವಿನ ಕೆಲಸಕ್ಕೆ ಮೇಲಿನ ತಲೆಯನ್ನು ಬಿಚ್ಚಿದರೆ ಸಾಕು. ಉಂಗುರಗಳಿಗಾದರೆ ಎಂಜಿನನ್ನೇ ಬಿಚ್ಚಬೇಕು. ಅರ್ಧಗಂಟೆಯ ಈ ಪರೀಕ್ಷೆಯನ್ನು ಮಾಡದೆ "ಎಂಜಿನ್ ಬೋರ್ ಮಾಡಿಸಬೇಕು" ಎಂದವರ ಮಾತಿಗೆ ಹಣ ಕೊಡಬಾರದು.

ಕೆಲವು ಸಣ್ಣ ದುರಸ್ತಿಗಳು ದೊಡ್ಡ ದುರಸ್ತಿಗಳನ್ನು ತಡೆಯುತ್ತವೆ. ಅವುಗಳ ಬಗ್ಗೆ ಚರ್ಚೆಯೇ ಬೇಡ. ಅಲ್ಯುಮಿನಿಯಮ್ ಬಿಸಿಗೆ ಎರಕದ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಒಡೆದ ರಬ್ಬರು ಕೊಳವೆಯಿಂದ ನೀರು ಸೋರಿ ಎಂಜಿನು ಅತಿಯಾಗಿ ಕಾದರೆ ಅಲ್ಯುಮಿನಿಯಮಿನ ತಲೆಯು ಸೊಟ್ಟಗಾಗಿ, ಕೆಲವು ನೂರು ರೂಪಾಯಿಯ ಕೊಳವೆಯು ಹಲವು ಸಾವಿರದ ವೆಚ್ಚವನ್ನು ತಂದಿಡುತ್ತದೆ. ಟೈಮಿಂಗ್ ಬೆಲ್ಟಿನದೂ ಇದೇ ಕತೆ. ಕೆಲವು ಎಂಜಿನುಗಳಲ್ಲಿ ಅದು ಕಡಿದರೆ ಪಿಸ್ಟನ್ನು ತೆರೆದ ವಾಲ್ವುಗಳಿಗೆ ಬಡಿದು ಅವುಗಳನ್ನು ಬಗ್ಗಿಸಿಬಿಡುತ್ತದೆ.

ಬ್ರೇಕು ಮಾತ್ರ ಲೆಕ್ಕಾಚಾರಕ್ಕೆ ಹೊರಗಿನದು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಕಾರು ಸುಮಾರು ಒಂದು ಸಾವಿರ ಮೀಟರು ಕೆಳಗೆ ಬರುತ್ತದೆ. ಜನರೂ ಸೇರಿ 1000 ಕಿಲೋಗ್ರಾಮು ತೂಗುವ ಕಾರು ಆಗ ಕಳೆದುಕೊಳ್ಳಬೇಕಾದ ಶಕ್ತಿ 98 ಲಕ್ಷ ಜೂಲ್. 30 ಡಿಗ್ರಿಯ 33 ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಕೆಳಗಿನ ಗಿಯರಿನಲ್ಲಿ ಇಳಿದರೆ ಬಹುಪಾಲನ್ನು ಎಂಜಿನು ಹೊರುತ್ತದೆ. ಇಲ್ಲವಾದರೆ ಎಲ್ಲವೂ ಬ್ರೇಕಿನ ಶಾಖವಾಗುತ್ತದೆ. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 3 ವರ್ಗದ ಹೊಸ ದ್ರವವು 205 ಡಿಗ್ರಿಯವರೆಗಾದರೂ ಕುದಿಯಕೂಡದೆಂದು ನಿಯಮವಿದೆ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಅದು ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳೆದ್ದು, ಪೆಡಲು ನೆಲಕ್ಕೆ ಮುಟ್ಟಿದರೂ ಕಾರು ನಿಲ್ಲದು. ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಾಯಿಸಲು ಹಿಂಜರಿಯುವವರು ಘಟ್ಟ ಇಳಿಯುವ ಆಸೆಯನ್ನು ಬಿಡುವುದೇ ಲೇಸು.

ಇಷ್ಟೆಲ್ಲ ಭಾಗಗಳನ್ನು ಬದಲಾಯಿಸಬಹುದು. ಬದಲಾಯಿಸಲಾಗದುದು ಒಡಲು. ಪುತ್ತೂರಿನ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಇಲ್ಲಿ ಕಾರಿನ ಆಯುಷ್ಯವನ್ನು ನಿರ್ಣಯಿಸುವುದು ತುಕ್ಕು. ತುಕ್ಕಿನ ನಡತೆ ವಿಚಿತ್ರವಾದುದು. ಒದ್ದೆಯಾದ ಕಬ್ಬಿಣದ ಮೇಲೆ ಆಮ್ಲಜನಕವು ಧಾರಾಳವಾಗಿರುವ ಎಡೆಯೂ ಕೊರತೆಯಾಗಿರುವ ಎಡೆಯೂ ಕೂಡಿ ಒಂದು ಪುಟ್ಟ ವಿದ್ಯುತ್ಕೋಶವಾಗುತ್ತವೆ; ಕರಗಿಹೋಗುವುದು ಆಮ್ಲಜನಕದ ಕೊರತೆಯಿರುವ ಎಡೆಯ ಕಬ್ಬಿಣ. ಆದುದರಿಂದ ಗಾಳಿಯಾಡುವ ಹೊರಮೈಗಿಂತ, ಕೆಂಪು ಮಣ್ಣು ಮೆತ್ತಿ ವಾರಗಟ್ಟಲೆ ಒದ್ದೆಯಾಗಿರುವ ಮೂಲೆಗಳು ಬೇಗ ತೂತಾಗುತ್ತವೆ. ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಾಕಾರದ ತೊಲೆ, ಗಾಲಿಯ ಮೇಲಿನ ಕಮಾನು, ಶಾಕ್ ಅಬ್ಸಾರ್ಬರಿನ ತುದಿಯನ್ನು ಬಿಗಿದ ಜಾಗ ಇವೇ ಆ ಮೂಲೆಗಳು. ಉಳ್ಳಾಲ, ಪಣಂಬೂರಿನಂತಹ ಕಡಲ ಬದಿಯಲ್ಲಿ ಬಾಳಿದ ಕಾರಿನಲ್ಲಿ ಉಪ್ಪು ಈ ಕೋಶದ ವಿದ್ಯುತ್ತಿಗೆ ಇನ್ನೂ ಒಳ್ಳೆಯ ದಾರಿಯನ್ನು ಮಾಡಿಕೊಟ್ಟಿರುತ್ತದೆ.

ಇಲ್ಲಿ ಜೀಪಿಗೂ ಕಾರಿಗೂ ಮುಖ್ಯವಾದ ಭೇದವಿದೆ. ಹಳೆಯ ಜೀಪಿನ ಭಾರವನ್ನು ಹೊರುವುದು ಏಣಿಯಂತಹ ದಪ್ಪ ಉಕ್ಕಿನ ಚಾಸಿ. ಮೇಲಿನ ತಗಡು ತೂತಾದರೆ ತೇಪೆ ಹಾಕಬಹುದು. ಸುಳ್ಯದ ಗುಡ್ಡಗಳಲ್ಲಿ ಮುದಿ ಜೀಪುಗಳು ಉಳಿದುಬಂದುದಕ್ಕೆ ಇದೂ ಒಂದು ಕಾರಣ. ಮಾರುತಿ 800ರಂತಹ ಕಾರಿಗೆ ಬೇರೆ ಚಾಸಿಯಿಲ್ಲ. ತೆಳುವಾದ ತಗಡಿನ ಒಡಲೇ ಎಲುಬು. ಸ್ಕ್ರೂಡ್ರೈವರಿನ ಹಿಡಿಯಿಂದ ತೊಲೆಯನ್ನು ತಟ್ಟಿ ನೋಡಬೇಕು. ಸದೃಢ ಲೋಹವು ಠಣ್ ಎನ್ನುತ್ತದೆ. ಕೊಳೆತುದು ಮಂಕಾಗಿ ಸದ್ದುಮಾಡಿ ಪದರ ಉದುರಿಸುತ್ತದೆ. ಒಂದೆರಡು ಕಡೆ ಅಂಗೈಯಗಲ ಕೊಳೆತಿದ್ದರೆ ಟಿಂಕರಿಂಗ್ ಕೆಲಸದವನು ಕತ್ತರಿಸಿ ಹೊಸ ತಗಡು ಬೆಸೆಯಬಲ್ಲನು. ಶಾಕ್ ಅಬ್ಸಾರ್ಬರಿನ ಬುಡವೇ ಸಡಿಲವಾಗಿದ್ದರೆ, ಎಂಜಿನು ಎಷ್ಟು ಚೆನ್ನಾಗಿದ್ದರೂ ನಮ್ಮ ಲೆಕ್ಕದ 36 ತಿಂಗಳು 12ಕ್ಕೆ ಇಳಿಯಿತೆಂದೇ ತಿಳಿಯಬೇಕು. ಮೊದಲ ನೋಂದಣಿಯ 15 ವರ್ಷ ತೀರಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣದ ತಪಾಸಣೆಯೂ ಉಂಟು. 2022ರ ಏಪ್ರಿಲ್‌ನಿಂದ ಅದರ ಶುಲ್ಕವೂ ಬಹಳ ಏರಿದೆ. ಆ ದಿನ ಹತ್ತಿರವಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಬಣ್ಣದ ವಿಷಯ ಉಳಿಯಿತು. ತುಕ್ಕನ್ನು ಉಜ್ಜಿ ತೆಗೆಯದೆ ಮೇಲೆ ಬಳಿದ ಬಣ್ಣವು ತೇವವನ್ನು ಒಳಗೇ ಕೂಡಿಹಾಕುತ್ತದೆ; ಮಾರುವವನಿಗಲ್ಲದೆ ಯಾರಿಗೂ ಲಾಭವಿಲ್ಲ. ಅದಕ್ಕಿಂತ, ಪತ್ತನಾಜೆಯ ಹೊತ್ತಿಗೆ, ಮಳೆ ಹಿಡಿಯುವ ಮೊದಲು, ಬಾಗಿಲಿನ ಮತ್ತು ತೊಲೆಯ ತಳದಲ್ಲಿ ನೀರಿಳಿಯಲು ಬಿಟ್ಟಿರುವ ತೂತುಗಳನ್ನು ತಂತಿಯಿಂದ ಬಿಡಿಸಿ, ಮುಂಗಾಜಿನ ಬುಡದಲ್ಲಿ ಕೊಳೆಯುವ ಎಲೆಗಳನ್ನು ತೆಗೆದು, ಗಾಲಿಯ ಕಮಾನಿನ ಮಣ್ಣನ್ನು ತೊಳೆಯಬೇಕು. ಒದ್ದೆ ಕಾರನ್ನು ಮುಚ್ಚಿದ ಕೊಟ್ಟಿಗೆಯಲ್ಲಿ ಕೂಡುವುದಕ್ಕಿಂತ ಗಾಳಿಯಾಡುವ ಮಾಡಿನ ಕೆಳಗೆ ನಿಲ್ಲಿಸುವುದು ಒಳ್ಳೆಯದು. ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ತೊಲೆಯನ್ನು ಮತ್ತೊಮ್ಮೆ ತಟ್ಟಿ ನೋಡಿದರೆ, ಮುಂದಿನ ವರ್ಷದ ಪಟ್ಟಿಗೆ ಹಣ ಕೊಡಬೇಕೇ ಬೇಡವೇ ಎಂಬುದು ಗ್ಯಾರೇಜಿಗೆ ಹೋಗುವ ಮೊದಲೇ ತಿಳಿದಿರುತ್ತದೆ.